ಕೆಲಸ ಹುಡುಕಿದ್ದಕ್ಕೆ ಸಾಕ್ಷಿ ಏನು?

ನಿರುದ್ಯೋಗ ಭತ್ಯೆ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಸೋಮಾರಿಯ ಚಿತ್ರ ಬರುತ್ತದೆ. ಬ್ರಿಟನ್ನಿನ ಸರಕಾರವೂ ಒಂದು ಕಾಲದಲ್ಲಿ ಇದೇ ಕಣ್ಣಿನಿಂದ ನೋಡಿತ್ತು.

ಅಲ್ಲಿ ನಿರುದ್ಯೋಗ ವಿಮೆಯ ಕಾನೂನು ಬಂದದ್ದು 1911ರಲ್ಲಿ. ಕಾರ್ಮಿಕ, ಮಾಲಕ, ಸರಕಾರ ಮೂವರೂ ಅದಕ್ಕೆ ಹಣ ಹಾಕುತ್ತಿದ್ದರು. ಹಾಗಾಗಿ ಭತ್ಯೆಯನ್ನು ಭಿಕ್ಷೆ ಎನ್ನುವಂತಿರಲಿಲ್ಲ. ಮೊದಲ ಮಹಾಯುದ್ಧದ ಬಳಿಕ ಕೆಲಸ ಕಳೆದುಕೊಂಡವರು ಹೆಚ್ಚಿದಂತೆ ವಂಚಕರ ಭಯವೂ ಹೆಚ್ಚಿತು. 1921ರಲ್ಲಿ ಹೊಸ ಷರತ್ತು ಬಂತು: ಅರ್ಜಿದಾರರು ಪ್ರಾಮಾಣಿಕವಾಗಿ ಕೆಲಸ ಹುಡುಕುತ್ತಿರಬೇಕು.

ಕೇಳಲು ನ್ಯಾಯವೇ. ಆದರೆ ರುಜುವಾತಿನ ಹೊರೆಯೆಲ್ಲ ಅರ್ಜಿದಾರನ ಹೆಗಲಿಗೆ. ಎಲ್ಲೆಲ್ಲಿಗೆ ಹೋಗಿದ್ದೆ, ಯಾರನ್ನು ಕೇಳಿದೆ? ಗಣಿ ಮುಚ್ಚಿದ ಊರಿನಲ್ಲಿ ಕೆಲಸವಿಲ್ಲವೆಂಬುದು ಯಾರಿಗೆ ಗೊತ್ತಿಲ್ಲ? ಆದರೂ ಬಾಗಿಲಿಂದ ಬಾಗಿಲಿಗೆ ನಡೆದು 'ಇಲ್ಲ' ಎನಿಸಿಕೊಂಡು ಬರಬೇಕು. ಮನಸ್ಸಿನೊಳಗಿನ ಪ್ರಾಮಾಣಿಕತೆಯನ್ನು ಅಳೆಯುವ ಕೋಲು ಯಾವ ಕಚೇರಿಯಲ್ಲಿದೆಯೋ ನಾವು ಕಾಣೆವು. 1924ರಲ್ಲಿ ಲೇಬರ್ ಪಕ್ಷವೇ ಅಧಿಕಾರಕ್ಕೆ ಬಂದಾಗಲೂ ಷರತ್ತು ಸಡಿಲಗೊಳ್ಳಲಿಲ್ಲ, ಇನ್ನಷ್ಟು ಅರ್ಜಿದಾರರಿಗೆ ವಿಸ್ತರಿಸಿತು. 1930ರೊಳಗೆ ತಿರಸ್ಕೃತವಾದ ಅರ್ಜಿಗಳು ಸುಮಾರು 30 ಲಕ್ಷ. ಇಷ್ಟೂ ಮಂದಿ ಸುಳ್ಳುಗಾರರೆಂದು ನಂಬುವುದು ಹೇಗೆ? ಪೆಟ್ಟು ಹೆಚ್ಚಾಗಿ ಬಿದ್ದದ್ದು ವಿವಾಹಿತ ಮಹಿಳೆಯರಿಗೆ.

ಆ ವರ್ಷ ಕಾರ್ಮಿಕ ಸಚಿವೆ ಮಾರ್ಗರೆಟ್ ಬಾಂಡ್‌ಫೀಲ್ಡ್ ತಂದ ಕಾನೂನು ಷರತ್ತನ್ನು ಕೈಬಿಟ್ಟಿತು. ಸಿಕ್ಕ ಕೆಲಸವನ್ನು ಒಲ್ಲೆನೆಂದದ್ದನ್ನು ತೋರಿಸುವ ಹೊಣೆ ಇಲಾಖೆಯ ಪಾಲಿಗೆ ಬಂತು. ನೆಮ್ಮದಿ ಬಹಳ ದಿನ ಉಳಿಯಲಿಲ್ಲ. 1931ರಲ್ಲಿ, ವಿಮೆಯ ಅವಧಿ ಮುಗಿದವರ ಮನೆಮಂದಿಯ ಆದಾಯವನ್ನೆಲ್ಲ ಲೆಕ್ಕ ಹಾಕುವ ಪದ್ಧತಿ ಬಂತು. ಮಗ ದುಡಿದರೆ ತಂದೆಯ ಭತ್ಯೆಗೆ ಕತ್ತರಿ. 1941ರಲ್ಲಿ ಅದು ರದ್ದಾಗುವ ಮೊದಲು, ಹೆತ್ತವರ ಅನ್ನ ಉಳಿಸಲೆಂದೇ ಮನೆ ಬಿಟ್ಟು ಬೇರೆ ಕೋಣೆ ಹಿಡಿದ ಮಕ್ಕಳೂ ಇದ್ದರು.