ಸಿ.ಐ.ಡಿ. 999 ಚಿತ್ರಮಾಲೆ

ರಾಜಕುಮಾರ್ ಗುಪ್ತದಳದ ಅಧಿಕಾರಿಯಾಗಿ ನಟಿಸಿದ ನಾಲ್ಕು ಕನ್ನಡ ಚಿತ್ರಗಳಿಗೆ ಒಟ್ಟಾಗಿ ಈ ಹೆಸರು ಹೇಳುವುದು ವಾಡಿಕೆ: ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿ.ಐ.ಡಿ. 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ (1969) ಮತ್ತು ‘ಆಪರೇಷನ್ ಡೈಮಂಡ್ ರಾಕೆಟ್’ (1978). ನಾಲ್ಕನ್ನೂ ನಿರ್ದೇಶಿಸಿದವರು ದೊರೈ–ಭಗವಾನ್ ಜೋಡಿಯ ಬಿ. ದೊರೈರಾಜ್ ಮತ್ತು ಎಸ್.ಕೆ. ಭಗವಾನ್, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಇವು ಗೆದ್ದ ಚಿತ್ರಗಳೆಂಬ ಬಗ್ಗೆ ತಕರಾರಿಲ್ಲ. ಎಷ್ಟು ಗೆದ್ದವು, ಯಾವುದರಲ್ಲಿ ಮೊದಲು ಎಂಬಲ್ಲಿ ಬರಹಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಾಗಾಗಿ ಈ ಲೇಖನ ಕಥಾಸಾರವನ್ನು ಬಿಟ್ಟು ಆ ಗೊಂದಲಗಳ ಕಡೆಗೇ ಹೆಚ್ಚು ಗಮನ ಕೊಟ್ಟಿದೆ.

ಹಿನ್ನೆಲೆ

ಜೇಮ್ಸ್ ಬಾಂಡ್ ಮೊದಲ ಬಾರಿ ದೊಡ್ಡ ಪರದೆಗೆ ಬಂದದ್ದು 1962ರ ‘ಡಾಕ್ಟರ್ ನೋ’ ಚಿತ್ರದಲ್ಲಿ. ‘ಗೋಲ್ಡ್‌ಫಿಂಗರ್’ (1964) ಮತ್ತು ‘ಥಂಡರ್‌ಬಾಲ್’ (1965) ಹೊತ್ತಿಗೆ ಬಾಂಡ್ ಹುಚ್ಚು ಮದರಾಸಿನ ಸ್ಟುಡಿಯೊಗಳನ್ನೂ ಹಿಡಿದಿತ್ತು. ಆಗ ಕನ್ನಡ ಚಿತ್ರಗಳ ಬಹುಪಾಲು ಕೆಲಸವೂ ಅಲ್ಲಿಯೇ ನಡೆಯುತ್ತಿತ್ತು. ಅದೇ ತಂತ್ರಜ್ಞರು, ಅದೇ ಫ್ಲೋರು, ಭಾಷೆ ಮಾತ್ರ ಬೇರೆ. ‘ಬೇಡರ ಕಣ್ಣಪ್ಪ’ದಿಂದ (1954) ‘ಸತ್ಯ ಹರಿಶ್ಚಂದ್ರ’ದವರೆಗೆ (1965) ಭಕ್ತ, ರಾಜ, ಸತ್ಯವಂತರ ಪಾತ್ರಗಳಲ್ಲಿ ನೆಲೆಯೂರಿದ್ದ ರಾಜಕುಮಾರ್ ಸೂಟು ತೊಟ್ಟು ಪಿಸ್ತೂಲು ಹಿಡಿದದ್ದು ಅವರ ನೂರನೇ ಚಿತ್ರ ‘ಭಾಗ್ಯದ ಬಾಗಿಲು’ ತೆರೆಕಂಡ ವರ್ಷದಲ್ಲೇ. ಕಿರೀಟ ಇಟ್ಟ ನಟನನ್ನು ಜನ ಟೈ ಕಟ್ಟಿದವನಾಗಿ ಒಪ್ಪುತ್ತಾರೆಯೇ ಎಂಬುದೇ ‘ಜೇಡರ ಬಲೆ’ಯ ನಿಜವಾದ ಪಣವಾಗಿತ್ತು. ಜಯಂತಿ ನಾಯಕಿ, ನರಸಿಂಹರಾಜು ಜೊತೆಗಿದ್ದರು. ಜನ ಒಪ್ಪಿದರು.

‘ಮೊದಲನೆಯದು’ ಎಂಬ ವಾದ

‘ಜೇಡರ ಬಲೆ’ ಭಾರತದ ಮೊತ್ತಮೊದಲ ಬಾಂಡ್ ಮಾದರಿ ಚಿತ್ರವೆಂಬ ಮಾತು ಅಭಿಮಾನಿಗಳ ಬರಹಗಳಲ್ಲಿ ಆಗಾಗ ಬರುತ್ತದೆ, ಒಮ್ಮೊಮ್ಮೆ ಪತ್ರಿಕೆಗಳಿಗೂ ನುಸುಳುತ್ತದೆ. ವರ್ಷಗಳನ್ನು ಪಕ್ಕಪಕ್ಕ ಇಟ್ಟರೆ ಇದು ನಿಲ್ಲುವುದಿಲ್ಲ. ಕೃಷ್ಣ ನಟಿಸಿದ ತೆಲುಗಿನ ‘ಗೂಢಚಾರಿ 116’ ಬಂದದ್ದು 1966ರಲ್ಲಿ. ಜೈಶಂಕರ್ ಅವರ ತಮಿಳು ಚಿತ್ರ ‘ವಲ್ಲವನ್ ಒರುವನ್’ ಕೂಡ ಅದೇ ವರ್ಷದ್ದು. ‘ಗೂಢಚಾರಿ 116’ನ್ನೇ ಆಧರಿಸಿ ರವಿಕಾಂತ್ ನಗಾಯಿಚ್ ಹಿಂದಿಯಲ್ಲಿ ‘ಫರ್ಜ್’ ಮಾಡಿದ್ದು 1967ರಲ್ಲಿ. ಜಿತೇಂದ್ರ ಅವರಿಗೆ ತಾರಾಪಟ್ಟ ಕೊಟ್ಟ ಚಿತ್ರ ಅದು. ಅಂದರೆ ಕನ್ನಡ ಈ ಸಾಲಿನಲ್ಲಿ ನಾಲ್ಕನೆಯ ಭಾಷೆ.

ಕನ್ನಡದ ಮಟ್ಟಿಗೆ ಮಾತ್ರ ಮೊದಲಿನ ಪಟ್ಟ ‘ಜೇಡರ ಬಲೆ’ಗೇ ಸಲ್ಲಬೇಕು. ಒಬ್ಬನೇ ನಾಯಕ, ಒಂದೇ ಸಂಕೇತ ಸಂಖ್ಯೆ, ಚಿತ್ರದಿಂದ ಚಿತ್ರಕ್ಕೆ ಮುಂದುವರಿಯುವ ಪಾತ್ರ ಎಂಬ ಮಾಲೆಯ ಕಲ್ಪನೆ ಗಟ್ಟಿಯಾಗಿ ನಿಂತದ್ದು ಇಲ್ಲಿ. ಈ ಶ್ರೇಯಕ್ಕೆ ಅಖಿಲ ಭಾರತದ ಮುದ್ರೆ ಬೇಕಿಲ್ಲ.

ಗೋವಾ ಮತ್ತು ಜಾಕ್‌ಪಾಟ್

ಎರಡನೆಯ ಚಿತ್ರದ ಹೆಸರಿನಲ್ಲಿ ಗೋವಾ ಇರುವುದು ಬರೀ ಕಡಲ ದಂಡೆಯ ಸೊಬಗಿಗಾಗಿ ಅಲ್ಲ. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ಮಹಾರಾಷ್ಟ್ರದ ಜೊತೆ ಸೇರಬೇಕೇ ಬೇಡವೇ ಎಂಬ ಜನಮತ ನಡೆದದ್ದು 1967ರ ಜನವರಿಯಲ್ಲಿ. ಚಿನ್ನ ನಿಯಂತ್ರಣದ ನಿಯಮಗಳು 1963ರಲ್ಲಿ ಬಂದವು, ಅದೇ ಹೆಸರಿನ ಕಾಯಿದೆ 1968ರಲ್ಲಿ. ಪಶ್ಚಿಮ ಕರಾವಳಿಯಲ್ಲಿ ದೋಣಿಯಿಂದ ಇಳಿಯುವ ಕಳ್ಳ ಚಿನ್ನ ಆಗ ದಿನಪತ್ರಿಕೆಯ ಸುದ್ದಿ, ಮಂಗಳೂರು ಬಂದರಿನ ಆಸುಪಾಸಿನವರಿಗಂತೂ ಜಗಲಿಯ ಮಾತು. ಶೀತಲ ಸಮರದ ರಷ್ಯನ್ನರ ಜಾಗದಲ್ಲಿ ಕನ್ನಡದ ಗೂಢಚಾರಿಗೆ ಕಳ್ಳಸಾಗಣೆದಾರರು ಸಿಕ್ಕಿದ್ದರು. ತೆರಿಗೆ, ಸುಂಕ, ಕಳ್ಳಮಾಲು ಎಲ್ಲರಿಗೂ ಅರ್ಥವಾಗುವ ಸಂಗತಿಗಳು. ಪ್ರೇಕ್ಷಕನಿಗೆ ಬರ್ಲಿನ್ನಿನ ಗೋಡೆಯನ್ನು ವಿವರಿಸಬೇಕಿರಲಿಲ್ಲ.

ನಟಿ ಲಕ್ಷ್ಮಿ ಕನ್ನಡಕ್ಕೆ ಬಂದದ್ದು ‘ಗೋವಾದಲ್ಲಿ ಸಿ.ಐ.ಡಿ. 999’ ಮೂಲಕ. ಮೂರನೆಯ ಚಿತ್ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ’ ಇನ್ನೊಂದು ಗೊಂದಲಕ್ಕೆ ಕಾರಣವಾಗಿದೆ. ನಟಿ ರೇಖಾ ಅವರ ‘ಮೊದಲ ಚಿತ್ರ’ ಎಂದು ಕೆಲವರು ಇದನ್ನೂ, ಕೆಲವರು ತೆಲುಗಿನ ‘ರಂಗುಲ ರಾಟ್ನಂ’ (1966) ಚಿತ್ರವನ್ನೂ, ಬಹಳಷ್ಟು ಹಿಂದಿ ಬರಹಗಳು ‘ಸಾವನ್ ಭಾದೋಂ’ (1970) ಚಿತ್ರವನ್ನೂ ಹೆಸರಿಸುತ್ತವೆ. ಮೂರೂ ಒಂದೇ ಅರ್ಥದಲ್ಲಿ ಹೇಳಿದ ಮಾತುಗಳಲ್ಲ. ತೆಲುಗಿನಲ್ಲಿ ಅವರು ನಾಯಕಿಯಲ್ಲ, ಚಿಕ್ಕ ಹುಡುಗಿ. ಹಿಂದಿಯದ್ದು ಅಲ್ಲಿ ಮೊದಲು ಬಿಡುಗಡೆಯಾದ ಚಿತ್ರ. ನಾಯಕಿಯಾಗಿ ತೆರೆಗೆ ಬಂದ ಮೊದಲ ಚಿತ್ರ ಯಾವುದೆಂದು ಕೇಳಿದರೆ ಉತ್ತರ 1969ರ ಈ ಕನ್ನಡ ಚಿತ್ರ.

ಒಂಬತ್ತು ವರ್ಷದ ಬಿಡುವು

ಮೊದಲ ಮೂರು ಕಪ್ಪು-ಬಿಳುಪಿನಲ್ಲಿ ಎರಡೇ ವರ್ಷಗಳೊಳಗೆ ಬಂದವು. ನಾಲ್ಕನೆಯದು ಬಣ್ಣದಲ್ಲಿ ಬರಲು 1978ರವರೆಗೆ ಕಾಯಬೇಕಾಯಿತು. ಈ ನಡುವೆ ನಿರ್ದೇಶಕರಿಬ್ಬರೂ ‘ಕಸ್ತೂರಿ ನಿವಾಸ’ (1971), ‘ಎರಡು ಕನಸು’ (1974) ತರಹದ ಮನೆಮಂದಿಯ ಕಥೆಗಳಿಗೆ ಹೊರಳಿದ್ದರು. ‘ಸಂಪತ್ತಿಗೆ ಸವಾಲ್’ (1974) ನಂತರ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದರಿಂದ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಅವರ ದನಿಯಲ್ಲೇ ಒಂದು ಇಂಗ್ಲಿಷ್ ಹಾಡು ಬಂತು. ಇವತ್ತಿನ ತಲೆಮಾರಿಗೆ, ಕನ್ನಡ ಬಾರದವರಿಗೂ, ಈ ಮಾಲೆಯಿಂದ ಗೊತ್ತಿರುವುದು ಬಹುಮಟ್ಟಿಗೆ ಆ ಒಂದು ಹಾಡು. ಗೂಢಚಾರಿಯನ್ನು ನಗೆಯ ವಸ್ತುವಾಗಿ ಹಂಚಿಕೊಳ್ಳುವವರು ಅದು 1978ರದ್ದೆಂಬುದನ್ನು ಮರೆತು 1968ರ ಚಿತ್ರಗಳಿಗೂ ಅದನ್ನೇ ಅಂಟಿಸುವುದುಂಟು.

ಗಳಿಕೆಯ ಲೆಕ್ಕ

ಬಾಂಡ್ ಚಿತ್ರಗಳ ಜೊತೆ ಹೋಲಿಸುವಾಗ ಎಡವುವುದು ಹೆಚ್ಚಾಗಿ ಇಲ್ಲಿ. ಉದಾಹರಣೆಗೆ, 1953ರ ಇಯಾನ್ ಫ್ಲೆಮಿಂಗ್ ಕಾದಂಬರಿ ‘ಕ್ಯಾಸಿನೊ ರೋಯಾಲ್’ ಮೂರು ಬಾರಿ ದೃಶ್ಯರೂಪಕ್ಕೆ ಬಂದಿದೆ: 1954ರಲ್ಲಿ ಅಮೆರಿಕದ ಟೆಲಿವಿಷನ್ನಿಗೆ, 1967ರಲ್ಲಿ ಅಣಕು ಚಿತ್ರವಾಗಿ, 2006ರಲ್ಲಿ ಡೇನಿಯಲ್ ಕ್ರೇಗ್ ಅವರ ಮೊದಲ ಬಾಂಡ್ ಚಿತ್ರವಾಗಿ. ಕಾದಂಬರಿಯಲ್ಲಿದ್ದ ಬಾಕರಾ ಆಟವನ್ನು ಮಾರ್ಟಿನ್ ಕ್ಯಾಂಪ್‌ಬೆಲ್ ನಿರ್ದೇಶನದ ಕೊನೆಯದರಲ್ಲಿ ಟೆಕ್ಸಸ್ ಹೋಲ್ಡೆಮ್ ಪೋಕರ್ ಆಗಿ ಬದಲಿಸಿದರು.  ಆಟಕ್ಕೆ ಕೂರಲು ಒಂದು ಕೋಟಿ ಡಾಲರ್, ಅದೂ ಬ್ರಿಟಿಷ್ ಖಜಾನೆಯ ದುಡ್ಡು.   

2006ರ ಆ ಚಿತ್ರ ಜಗತ್ತಿನಾದ್ಯಂತ ಸುಮಾರು 60 ಕೋಟಿ ಡಾಲರ್ ಗಳಿಸಿತು. ಒಂದು ಪಟ್ಟಿ 59 ಕೋಟಿ ಚಿಲ್ಲರೆ ಎಂದರೆ ಇನ್ನೊಂದು 61 ಕೋಟಿ ಚಿಲ್ಲರೆ ಎನ್ನುತ್ತದೆ. 2012ರ ‘ಸ್ಕೈಫಾಲ್’ ದಾಟುವವರೆಗೆ ಬಾಂಡ್ ಚಿತ್ರಗಳಲ್ಲಿ ಅತಿ ಹೆಚ್ಚಿನ ಗಳಿಕೆ ಎರಡೂ ಪಟ್ಟಿಗಳಲ್ಲಿ ಈ ಚಿತ್ರದ್ದೇ; ಹಣದುಬ್ಬರ ಸೇರಿಸಿದರೆ ಪಟ್ಟಿ ಬದಲಾಗಿ ‘ಥಂಡರ್‌ಬಾಲ್’ ಮೇಲೇರುತ್ತದೆ. ಹಾಲಿವುಡ್ಡಿನಲ್ಲೂ ಅಂಕಿ ಕಲ್ಲಿನಲ್ಲಿ ಕೊರೆದದ್ದಲ್ಲ.

1968ರ ಕನ್ನಡ ಚಿತ್ರಕ್ಕೆ ಇಂಥ ಒಟ್ಟು ಮೊತ್ತವನ್ನು ಪ್ರಕಟಿಸುವ ರೂಢಿಯೇ ಇರಲಿಲ್ಲ. ಲೆಕ್ಕ ಇರಲಿಲ್ಲವೆಂದಲ್ಲ. ಪ್ರತಿ ಟಾಕೀಸಿನಲ್ಲೂ ದಿನದ ಕಲೆಕ್ಷನ್ ಹಾಳೆ ತುಂಬುತ್ತಿದ್ದರು: ಅತಿ ಅಗ್ಗದ ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಪ್ರತಿ ತರಗತಿಯ ಟಿಕೆಟ್ಟಿನ ಆರಂಭದ ಸಂಖ್ಯೆ, ಮುಗಿದ ಸಂಖ್ಯೆ, ದರ, ಅದರಲ್ಲಿ ಮನರಂಜನಾ ತೆರಿಗೆ ಕಳೆದು ಉಳಿದದ್ದು. ಹಂಚಿಕೆದಾರರ ರೆಪ್ರೆಸೆಂಟೇಟಿವ್ ರೀಲಿನ ಡಬ್ಬಿಯ ಜೊತೆಗೇ ಊರಿಗೆ ಬಂದು ಬುಕಿಂಗ್ ಕಿಟಕಿಯ ಬಳಿ ಕೂತು ಟಿಕೆಟ್ ಪುಸ್ತಕದ ಅಡಿಯನ್ನು ಹಾಳೆಯೊಂದಿಗೆ ತಾಳೆ ನೋಡಿ ಸಹಿ ಹಾಕುತ್ತಿದ್ದ. ಆ ಹಾಳೆಗಳು ಹಂಚಿಕೆದಾರನಿಗೂ ತೆರಿಗೆ ಕಚೇರಿಗೂ ಹೋಗುತ್ತಿದ್ದವು, ಪತ್ರಿಕೆಗಲ್ಲ. ಜನರ ಮುಂದೆ ಬರುತ್ತಿದ್ದದ್ದು ದಿನಗಳು: 25, 50, 100. ಅದರಲ್ಲೂ ಒಂದು ಕಡೆ ಇಳಿಮುಖವಾದ ಚಿತ್ರವನ್ನು ಇನ್ನೊಂದು ಟಾಕೀಸಿಗೆ ಶಿಫ್ಟ್ ಮಾಡಿ ದಿನ ಕೂಡಿಸುವ ಪದ್ಧತಿ ಇತ್ತು. ಪ್ರಿಂಟುಗಳು ಕಡಿಮೆಯಾದ್ದರಿಂದ ಮೊದಲು ದೊಡ್ಡ ಸೆಂಟರುಗಳು, ಆಮೇಲೆ ಬಿ, ಸಿ ಸೆಂಟರುಗಳೆನ್ನುವ ಸಣ್ಣ ಊರುಗಳು, ಕೊನೆಗೆ ಟೂರಿಂಗ್ ಟಾಕೀಸಿನ ಟೆಂಟು. ಒಂದು ಚಿತ್ರ ವರ್ಷಗಟ್ಟಲೆ ದುಡಿಯುತ್ತಿತ್ತು.

ಆದ್ದರಿಂದ ಈ ಮಾಲೆಗೆ ಇವತ್ತು ಅಲ್ಲಲ್ಲಿ ಕಾಣುವ ‘ಇಷ್ಟು ಲಕ್ಷ’, ‘ಇಂದಿನ ಬೆಲೆಯಲ್ಲಿ ಇಷ್ಟು ಕೋಟಿ’ ಎಂಬ ಅಂಕಿಗಳನ್ನು ಈ ಲೇಖನ ತೆಗೆದುಕೊಂಡಿಲ್ಲ. ಗೆಲುವಿಗೆ ಬಲವಾದ ಪುರಾವೆ ಬೇರೆಯೇ ಇದೆ: ಮೊದಲ ಚಿತ್ರದ ವರ್ಷದಲ್ಲೇ ಎರಡನೆಯದು, ಮರುವರ್ಷ ಮೂರನೆಯದು. ಕೈಸುಟ್ಟುಕೊಂಡ ಗಾಂಧಿನಗರದ ಚಿತ್ರೋದ್ಯಮ ಅದೇ ಸಂಖ್ಯೆಯನ್ನು ಮತ್ತೆ ಹೆಸರಿನಲ್ಲೇ ಹಾಕುವುದಿಲ್ಲ.

ಜೂಜಿನ ಮೇಜು ಈ ಹೋಲಿಕೆಯಲ್ಲಿ ಇನ್ನೊಂದು ವ್ಯತ್ಯಾಸವನ್ನು ಎತ್ತಿ ತೋರಿಸುತ್ತದೆ. ಕನ್ನಡ ಚಿತ್ರದಲ್ಲಿ ಅದು ಸಾಮಾನ್ಯವಾಗಿ ಖಳನ ಅಡ್ಡೆಯ ಸಾಮಾನು. ನಾಯಕ ಅಲ್ಲಿಗೆ ಹೋಗುವುದು ಆಡಲಿಕ್ಕಲ್ಲ, ಹಿಡಿಯಲಿಕ್ಕೆ. ಆಟಕ್ಕೆ ಕೂತ ಧರ್ಮರಾಯನ ಗತಿಯನ್ನು ಯಕ್ಷಗಾನದ ದ್ಯೂತ ಪ್ರಸಂಗದಲ್ಲಿ ರಾತ್ರಿಯಿಡೀ ನೋಡಿ ಬೆಳೆದ ಕರಾವಳಿಯ ಪ್ರೇಕ್ಷಕನಿಗೆ ಸರಕಾರದ ಹಣವನ್ನು ಪಣಕ್ಕಿಡುವ ನಾಯಕ ಪೂರ್ತಿ ಒಪ್ಪಿತವಾಗುವುದು ಕಷ್ಟವೇ ಇತ್ತು. ಕಾನೂನೂ ಇದೇ ಜಾಡಿನಲ್ಲಿದೆ. ಕರ್ನಾಟಕ ಪೊಲೀಸ್ ಕಾಯಿದೆ (1963) ಜೂಜನ್ನು ಶಿಕ್ಷಿಸಿ ಕೌಶಲದ ಆಟಗಳನ್ನು ಹೊರಗಿಟ್ಟಿತು. 

ಮಂಗಳೂರಿನಲ್ಲಿ ದಿನದ ಲೆಕ್ಕ

ಗೆಲುವನ್ನು ದಿನಗಳಲ್ಲಿ ಎಣಿಸುವ ಈ ರೂಢಿ ಹೇಗೆ ಬದಲಾಯಿತೆಂಬುದಕ್ಕೆ ಮಂಗಳೂರು ಒಳ್ಳೆಯ ಉದಾಹರಣೆ. 1956ರ ತನಕ ಮದರಾಸು ರಾಜ್ಯದಲ್ಲಿದ್ದ ಅಲ್ಲಿನ ಚಿತ್ರಮಂದಿರಗಳು ಒಂದೇ ಭಾಷೆಯನ್ನು ನಂಬಿ ನಿಂತವಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರು ಕನ್ನಡ, ಹಿಂದಿ, ಮಲಯಾಳ, ಇಂಗ್ಲಿಷ್ ಚಿತ್ರಗಳಿಗೆ ಹೋಗುತ್ತಾರೆ. ಜ್ಯೋತಿ, ಸೆಂಟ್ರಲ್, ರೂಪವಾಣಿ, ಪ್ರಭಾತ್, ಸುಚಿತ್ರಾ, ರಾಮಕಾಂತಿ, ಪ್ಲಾಟಿನಂ ಹೆಸರುಗಳು ಊರವರಿಗೆ ದಾರಿಯ ಗುರುತುಗಳೂ ಹೌದು. ಅಂಬೇಡ್ಕರ್ ವೃತ್ತ ಬಹುಜನರ ಬಾಯಲ್ಲಿ ಇನ್ನೂ ಜ್ಯೋತಿ ಸರ್ಕಲ್ಲೇ.

ಭಾಷೆಯ ಪ್ರಶ್ನೆ ಬಾಂಡ್ ಚಿತ್ರಗಳಿಗೂ ಎದುರಾಗಿತ್ತು. ‘ಕ್ಯಾಸಿನೊ ರೋಯಾಲ್’ 2006ರ ನವೆಂಬರ್ 17ರಂದು ಭಾರತದಲ್ಲಿ ತೆರೆಕಂಡಾಗ ಇಂಗ್ಲಿಷಿನ ಜೊತೆ ಹಿಂದಿ, ತಮಿಳು, ತೆಲುಗು ಅವತರಣಿಕೆಗಳಿದ್ದವು. ಕನ್ನಡದ್ದಿರಲಿಲ್ಲ. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿ ಕಟ್ಟಿದ ತಡೆ ಆಗಲೂ ನಿಂತಿತ್ತು. ರಾಜಕುಮಾರ್ ಸ್ವತಃ ಅದರ ಮುಂಚೂಣಿಯಲ್ಲಿದ್ದವರು. ಪರಭಾಷೆಯ ಬಾಂಡ್ ಕನ್ನಡ ಮಾತಾಡುವಂತಿಲ್ಲ ಎಂದಾದಾಗ ಕನ್ನಡಕ್ಕೆ ತನ್ನದೇ ಗೂಢಚಾರಿ ಬೇಕಾಯಿತು ಎಂದು 999ರ ಹುಟ್ಟನ್ನೂ ಈ ತಡೆಗೆ ಜೋಡಿಸುವವರಿದ್ದಾರೆ. ತೆಲುಗು, ತಮಿಳಿನಲ್ಲಿ ಅಂಥ ತಡೆಯಿಲ್ಲದೆಯೇ ಗೂಢಚಾರಿಗಳು ಹುಟ್ಟಿದ್ದರಿಂದ ಈ ವಾದ ಅರ್ಧ ಮಾತ್ರ ಒಪ್ಪಬಹುದಾದದ್ದು. ತಡೆ ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ತೀರ್ಪಿತ್ತಿತು. 2017ರಲ್ಲಿ ಅಜಿತ್ ಅವರ ತಮಿಳು ಚಿತ್ರವೊಂದು ‘ಸತ್ಯದೇವ್ ಐ.ಪಿ.ಎಸ್.’ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬಂತು.

ಬಿಜೈ, ಕೆ.ಎಸ್. ರಾವ್ ರಸ್ತೆ, ಪಾಂಡೇಶ್ವರಗಳ ಮಾಲುಗಳಿಗೆ ಮಲ್ಟಿಪ್ಲೆಕ್ಸ್ ಬಂದ ಮೇಲೆ ದಿನದ ಲೆಕ್ಕದ ಅರ್ಥವೇ ಬದಲಾಯಿತು. 2014ರ ತುಳು ಚಿತ್ರ ‘ಚಾಲಿ ಪೋಲಿಲು’ ಮಂಗಳೂರಿನಲ್ಲಿ 500 ದಿನ ದಾಟಿತು. ಆದರೆ ಚಿಕ್ಕ ಪರದೆಯಲ್ಲಿ ದಿನಕ್ಕೊಂದು ಆಟದ 500 ದಿನವನ್ನೂ ಸಾವಿರ ಸೀಟಿನ ಟಾಕೀಸಿನಲ್ಲಿ ದಿನಕ್ಕೆ ನಾಲ್ಕು ಆಟದ 100 ದಿನವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಜಿ.ಎಸ್.ಟಿ. 2017ರಲ್ಲಿ ಮನರಂಜನಾ ತೆರಿಗೆಯನ್ನು ನುಂಗಿತು, ಬುಕಿಂಗ್ ಮೊಬೈಲಿಗೆ ಬಂತು, ದಿನದ ಜಾಗದಲ್ಲಿ ಕೋಟಿ ಕೂತಿತು. ಕರಾವಳಿಯದ್ದೇ ಕಥೆಯಾದ ‘ಕಾಂತಾರ’ (2022) ಸುಮಾರು 400 ಕೋಟಿ ರೂಪಾಯಿ ಗಳಿಸಿತೆಂದು ಎಲ್ಲರಿಗೂ ಬಾಯಿಪಾಠ. ಅದು ಯಾವ ಊರಿನಲ್ಲಿ ಎಷ್ಟು ದಿನ ಓಡಿತೆಂದು ಕೇಳುವವರು ಕಡಿಮೆ.

ಆ ಚಿತ್ರದ ನಿರ್ದೇಶಕ, ಕುಂದಾಪುರ ಕಡೆಯ ರಿಷಬ್ ಶೆಟ್ಟಿ, ಅದಕ್ಕೂ ಮೊದಲು ಜಯತೀರ್ಥ ನಿರ್ದೇಶನದ ‘ಬೆಲ್ ಬಾಟಂ’ (2019) ಚಿತ್ರದಲ್ಲಿ ಪತ್ತೇದಾರ ದಿವಾಕರನಾಗಿ ನಟಿಸಿದ್ದರು. ಪತ್ತೇದಾರಿ ಕಾದಂಬರಿಗಳನ್ನು ಓದಿಕೊಂಡು, ರಾಜಕುಮಾರ್ ಅವರ ಸಿ.ಐ.ಡಿ. ಚಿತ್ರಗಳನ್ನು ನೋಡಿಕೊಂಡು ಬೆಳೆದ 1980ರ ದಶಕದ ಯುವಕ ಆ ದಿವಾಕರ.