ಕನ್ನಡ ಕೀಲಿಮಣೆ ವಿನ್ಯಾಸ

ಯಾವ ಕೀಲಿ ಒತ್ತಿದರೆ ಯಾವ ಕನ್ನಡ ಅಕ್ಷರ ಮೂಡಬೇಕು ಎಂದು ಗೊತ್ತುಪಡಿಸುವ ವ್ಯವಸ್ಥೆ. ಮೊದಲ ದಿನವೇ ಬೆರಳು ಆಡಬೇಕೆನ್ನುವ ಹೊಸಬರಿಗೂ ವರ್ಣಮಾಲೆಯ ತರ್ಕ ಕೆಡಬಾರದೆನ್ನುವ ತಜ್ಞರಿಗೂ ನಡುವಿನ ಜಗ್ಗಾಟವೇ ಇದರ ಚರಿತ್ರೆಯ ಬಹುಭಾಗ.

ಹೆಸರಿನಲ್ಲೇ ಒಂದು ಗೊಂದಲವಿದೆ. ಡಿಟಿಪಿ ಅಂಗಡಿಗಳಲ್ಲಿ ‘ನುಡಿ ಕೀಬೋರ್ಡ್’ ಎನ್ನುವ ವಿನ್ಯಾಸ ನುಡಿಯದಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ರೂಪಿಸಿದ್ದು. ನುಡಿ ಎಂಬುದು ಕನ್ನಡ ಗಣಕ ಪರಿಷತ್ತಿನ ತಂತ್ರಾಂಶ. ರಾವ್ ವಿನ್ಯಾಸವನ್ನು ರಾಜ್ಯ ಸರ್ಕಾರ ಶಿಷ್ಟವೆಂದು ಒಪ್ಪಿದ ಮೇಲೆ ಅದು ಕಚೇರಿ ಕಚೇರಿಗೂ ತಲುಪಿದ್ದು ನುಡಿಯ ಮೂಲಕ. ಹಾಗಾಗಿ ವಾಹನದ ಹೆಸರೇ ಸರಕಿಗೂ ಅಂಟಿಕೊಂಡಿತು.

ಇದಕ್ಕೂ ಮೊದಲು ಇದ್ದದ್ದು ಕೆ. ಅನಂತಸುಬ್ಬರಾವ್ ಅವರ ಟೈಪ್‌ರೈಟರ್ ಕೀಲಿಮಣೆ. ಅಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸಬೇಕು. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ 1991ರ ಐಎಸ್ 13194 ಮಾನಕದಲ್ಲಿ ಸೇರಿತು. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಒಂದು ಭಾರತೀಯ ಲಿಪಿಯಲ್ಲಿ ಕಲಿತವರಿಗೆ ಇನ್ನೊಂದೂ ಬರುತ್ತದೆ. ಕನ್ನಡದವರು ಮಾತ್ರ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ.

ರಾವ್ ಅವರ ಜಾಣ್ಮೆ ಇರುವುದು ಸ್ವರದ ಕೀಲಿಯಲ್ಲಿ. ಉದಾಹರಣೆಗೆ, ಒಂದೇ ಕೀಲಿ ಪದದ ಆರಂಭದಲ್ಲಿ ‘ಇ’. ವ್ಯಂಜನದ ಹಿಂದೆಯೇ ಬಂದರೆ ಗುಡಿಸು. ಕನ್ನಡದಲ್ಲಿ ವ್ಯಂಜನದ ಬೆನ್ನಿಗೆ ಬಿಡಿ ಸ್ವರ ಬರುವುದು ಅಪರೂಪ ಎಂಬ ಭಾಷಾಜ್ಞಾನದ ಮೇಲೆ ನಿಂತ ಏರ್ಪಾಡಿದು. ‘ಅ’ಕಾರ ವ್ಯಂಜನದಲ್ಲೇ ಅಡಗಿರುತ್ತದೆ, ಒತ್ತಕ್ಷರಕ್ಕೆ ‘ಎಫ್’ ಕೀಲಿ ಬೇಕು.

ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಇನ್ನೊಂದು ದಾರಿ ತೋರಿಸಿತು: ಕನ್ನಡ ಉಚ್ಚಾರವನ್ನು ರೋಮನ್ ಅಕ್ಷರಗಳಲ್ಲೇ ಒತ್ತುವುದು. ‘ಬಾಗಲಕೋಟೆ’ಗೆ ರಾವ್ ವಿನ್ಯಾಸದಲ್ಲಿ ಎಂಟು ಕೀಲಿ ಸಾಕು (ಶಿಫ್ಟ್ ಲೆಕ್ಕಕ್ಕಿಲ್ಲ), ಬರಹ ಕ್ರಮದಲ್ಲಿ ಹತ್ತು. ‘ಹುನಗುಂದ’ಕ್ಕೆ ಏಳು, ಒಂಬತ್ತು. ಆದರೆ ಬಾದಾಮಿ ಶಾಸನದ ಕಪ್ಪೆ ಅರಭಟ್ಟನ ‘ಕಪ್ಪೆ’ಗೆ ಎರಡರಲ್ಲೂ ಐದೇ: ಅಕಾರದಲ್ಲಿ ಉಳಿದದ್ದು ಒತ್ತಿನಲ್ಲಿ ಖರ್ಚಾಗುತ್ತದೆ. ‘ಇಳಕಲ್’ ಬರೆಯುವ ಹೊಸಬರು ಕೊನೆಯ ‘ಲ್’ಗೆ ‘ಎಫ್’ ಮರೆತರೆ ರಾವ್ ವಿನ್ಯಾಸ ‘ಇಳಕಲ’ ಎಂದು ಮೂಡಿಸುತ್ತದೆ. ಬರಹದಲ್ಲಿ ಈ ಎಡವಟ್ಟಿಲ್ಲ. ಹಾಗೆಂದು ಅದೂ ಪೂರ್ತಿ ಸಲೀಸಲ್ಲ. ಶಿಫ್ಟ್ ಮುಟ್ಟದೆ ಬಾಗಲಕೋಟೆ ಒತ್ತಿದರೆ ‘ಬಗಲಕೊತೆ’ ಆಗುತ್ತದೆ.

ಯಾವುದು ಸುಲಭ ಎಂಬ ವಾದದಲ್ಲಿ ಸಾಮಾನ್ಯವಾಗಿ ಕೈಬಿಟ್ಟುಹೋಗುವ ಪ್ರಶ್ನೆ ಒಂದಿದೆ: ಹೊಸಬರೆಂದರೆ ಯಾರು? ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಬಂದಾಗ ಹೊಸಬರಾದವರಲ್ಲಿ ಕನ್ನಡ ಟೈಪಿಂಗ್‌ನಲ್ಲಿ ಸೀನಿಯರ್ ಪಾಸಾಗಿ ವರ್ಷಗಟ್ಟಲೆ ಕೈ ಪಳಗಿದವರೂ ಇದ್ದರು. ಇಂಗ್ಲಿಷ್ ಕೀಲಿಮಣೆ ಬಲ್ಲ ವಿದ್ಯಾರ್ಥಿಗೆ ಸಹಜವಾದದ್ದು ಅವರಿಗೆ ಪರಕೀಯ. ಅವರವರ ದೂರಿನಲ್ಲಿ ಅವರವರ ಕಲಿಕೆಯ ಗುರುತಿತ್ತು.

ಮೊಬೈಲಿನ ಯುಗದಲ್ಲಿ ಐಐಟಿ ಬಾಂಬೆಯ ಸ್ವರಚಕ್ರ ವ್ಯಂಜನದ ಸುತ್ತ ಕಾಗುಣಿತವನ್ನೇ ಚಕ್ರವಾಗಿ ಹರಡಿತು. ಗೂಗಲ್‌ನ ಕೀಲಿಮಣೆ ದೊಡ್ಡಕ್ಷರ–ಸಣ್ಣಕ್ಷರದ ನೇಮ ಬಿಟ್ಟು, ಒತ್ತಿದ್ದನ್ನು ನೋಡಿ ಪದವನ್ನು ಊಹಿಸುತ್ತದೆ.

ಮುದ್ರಣದ ಕೆಲಸದಲ್ಲಿ ರಾವ್ ವಿನ್ಯಾಸ ಇಂದಿಗೂ ಗಟ್ಟಿ. ಅಲ್ಲಿನ ಈಗಿನ ತಕರಾರು ಬೇರೆ: ಲಗ್ನಪತ್ರಿಕೆಯ ಒಕ್ಕಣೆ ವಾಟ್ಸ್‌ಆ್ಯಪ್‌ನಲ್ಲಿ ಯೂನಿಕೋಡ್ ಆಗಿ ಬರುತ್ತದೆ, ಹಳೆಯ ಪೇಜ್‌ಮೇಕರ್‌ಗೆ ಬೇಕಾದದ್ದು ನುಡಿಯ ಆಸ್ಕಿ ಫಾಂಟು. ಪರಿವರ್ತಕಕ್ಕೆ ಹಾಕಿ ತೆಗೆದ ಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ, ತಪ್ಪಿದ್ದರೆ ಕೈಯಿಂದಲೇ ತಿದ್ದಬೇಕು.