ಬೆಣ್ಣೆ ಚಾವಡಿ, ಅಮೃತ ಮಹಲ್ ಮತ್ತು ನಮ್ಮ ಗೋಮಾಳ

ಈ ಶಾಲೆಯಲ್ಲಿ ಓದಿದ ನಾವೆಲ್ಲ ಸಮಾಜ ವಿಜ್ಞಾನದ ಪರೀಕ್ಷೆಗಾಗಿ ಮೈಸೂರು ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿದವರೇ. ಯಾರು ಗೆದ್ದರು, ಯಾವ ಒಪ್ಪಂದ ಆಯಿತು ಎಂದು ಬರೆದು ಅಂಕ ಪಡೆದಿದ್ದೇವೆ. ಆದರೆ ಆ ಯುದ್ಧಗಳ ಫಿರಂಗಿಗಳನ್ನು ಎಳೆದವರು ಯಾರು ಎಂಬ ಪ್ರಶ್ನೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಬರಲಿಲ್ಲ. ಎಳೆದದ್ದು ಎತ್ತುಗಳು. ರೈಲು, ಲಾರಿ ಇಲ್ಲದ ಕಾಲದಲ್ಲಿ ಒಳ್ಳೆಯ ಎತ್ತು ಇದ್ದ ರಾಜ್ಯವೇ ಬಲವಾದ ರಾಜ್ಯ. ದನದ ಕೊಟ್ಟಿಗೆ ಇಲ್ಲದ ಮನೆ ಕಡಿಮೆ ಇರುವ ನಮ್ಮ ಸಾದಲಿ ಸೀಮೆಯವರಿಗೆ ಈ ಚರಿತ್ರೆ ಹತ್ತಿರದ್ದು ಎಂದು ನನಗೆ ಅನಿಸುತ್ತದೆ.

ಮೈಸೂರಿನ ಅರಸರು ದನಗಳನ್ನು ಬಹಳ ಹಿಂದಿನಿಂದಲೇ ಸಾಕುತ್ತಿದ್ದರು. ವಿಜಯನಗರದ ಪ್ರತಿನಿಧಿ ಶ್ರೀರಂಗಪಟ್ಟಣದಲ್ಲಿದ್ದಾಗ ತರಿಸಿದ ಹಳ್ಳಿಕಾರ್ ದನಗಳೇ ಈ ಹಿಂಡಿನ ಮೂಲ ಎನ್ನುತ್ತಾರೆ. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಹಿಂಡನ್ನು ಬೆಳೆಸಿ, ಅದಕ್ಕೊಂದು ಇಲಾಖೆಯನ್ನೇ ಮಾಡಿದರು. ದನಗಳ ಮೈಮೇಲೆ ತಮ್ಮ ಹೆಸರಿನ ‘ದೇ’ ಅಕ್ಷರದ ಮುದ್ರೆ ಹಾಕಿಸಿದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದುದರಿಂದ ಇಲಾಖೆಯ ಹೆಸರು ‘ಬೆಣ್ಣೆ ಚಾವಡಿ’.

ಹೈದರಾಲಿಯ ಕಾಲಕ್ಕೆ ಬೆಣ್ಣೆಗಿಂತ ಎತ್ತು ಮುಖ್ಯವಾಯಿತು. ಸೋತ ಪಾಳೆಯಗಾರರ ಒಳ್ಳೆಯ ದನಗಳು ಅವನ ಹಿಂಡಿಗೆ ಸೇರಿದವು. ಚಿದಂಬರದ ರಕ್ಷಣೆಗಾಗಿ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳಿಂದಲೇ ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಸೋತಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಹೋಗುವಷ್ಟು ಚುರುಕು ಅವುಗಳಿಗಿತ್ತು. ಟಿಪ್ಪು ಸುಲ್ತಾನ್ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟ, ಹಾಗಲವಾಡಿ ಪಾಳೆಯಗಾರರ ದನಗಳನ್ನು ಸೇರಿಸಿದ, ದನ ಸಾಕುವ ಕ್ರಮಕ್ಕೆ ಹುಕುಂನಾಮೆ ಬರೆಸಿದ. ಹಿಂಡುಗಳ ಹಾಜರಿಯನ್ನು ತಾನೇ ನೋಡಿ, ಚೆನ್ನಾಗಿ ಸಾಕಿದವರಿಗೆ ಇನಾಮು ಕೊಡುತ್ತಿದ್ದ.

ಎತ್ತು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕಂಪನಿಯ ಸೈನ್ಯ 1791ರಲ್ಲಿ ಕಂಡಿತು. ಆ ವರ್ಷದ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಆದರೆ ಮೇವಿಲ್ಲದೆ, ರೋಗ ಬಂದು, ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಅವನು ಬೆಂಗಳೂರಿಗೆ ಹಿಂತಿರುಗಬೇಕಾಯಿತು. ಮತ್ತೆ ದನ, ಧಾನ್ಯ ಕೂಡಿಸಿಕೊಂಡ ಮೇಲೆಯೇ ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವನ ಸೈನ್ಯ ನಮ್ಮ ನಂದಿ ದುರ್ಗವನ್ನು ಹಿಡಿದದ್ದು.

ಪ್ರಾಣಿಯ ತಳಿಯನ್ನು ರಾಜ್ಯದ ಬಲವೆಂದು ಕಾಯ್ದದ್ದು ಮೈಸೂರು ಒಂದೇ ಅಲ್ಲ. ಯುರೋಪಿನ ಸ್ಪೇನ್ ದೇಶದ ಬಳಿ ಮೆರಿನೋ ಕುರಿ ಇತ್ತು. ಅಷ್ಟು ನಯವಾದ ಉಣ್ಣೆ ಬೇರೆಲ್ಲೂ ಸಿಗುತ್ತಿರಲಿಲ್ಲ. 1273ರಲ್ಲೇ ಅಲ್ಲಿನ ದೊರೆ ಮೆಸ್ತಾ ಎಂಬ ಕುರಿ ಸಾಕಣೆದಾರರ ಸಂಘಕ್ಕೆ ಸನ್ನದು ಕೊಟ್ಟಿದ್ದ. ಬೇಸಿಗೆಯಲ್ಲಿ ಉತ್ತರದ ಬೆಟ್ಟಗಳಿಗೆ, ಚಳಿಗಾಲದಲ್ಲಿ ದಕ್ಷಿಣದ ಬಯಲಿಗೆ ಹಿಂಡುಗಳು ನಡೆಯಲು ಕಾನೂನಿನ ರಕ್ಷಣೆ ಇದ್ದ ದಾರಿಗಳಿದ್ದವು. ಜೀವಂತ ಕುರಿಯನ್ನು ದೇಶದ ಹೊರಗೆ ಸಾಗಿಸುವುದಕ್ಕೆ ನಿಷೇಧವಿತ್ತು.

ಉಳಿದ ದೇಶಗಳು ಸುಮ್ಮನೆ ಕೂರಲಿಲ್ಲ. ಉಣ್ಣೆಗಾಗಿ ಸ್ಪೇನಿಗೆ ಹಣ ಸುರಿಯುವುದು ಅವಕ್ಕೆ ಬೇಕಿರಲಿಲ್ಲ. 1765ರಲ್ಲಿ ಜರ್ಮನಿಯ ಸ್ಯಾಕ್ಸನಿ ಸ್ಪೇನಿನ ದೊರೆಯ ಉಡುಗೊರೆಯಾಗಿ ಮೆರಿನೋ ಪಡೆಯಿತು. 1786ರಲ್ಲಿ ಫ್ರಾನ್ಸಿನ ದೊರೆ ಮುನ್ನೂರಕ್ಕೂ ಹೆಚ್ಚು ಕುರಿಗಳನ್ನು ತರಿಸಿ ರಾಂಬುಯೆಯಲ್ಲಿ ಸಾಕಿಸಿದ. ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆ ಗುಟ್ಟಾಗಿ ತರಿಸಿಕೊಂಡ. 1797ರಲ್ಲಿ ಮೆರಿನೋ ಆಸ್ಟ್ರೇಲಿಯಾ ತಲುಪಿತು. ಮುಂದೆ ಉಣ್ಣೆ ವ್ಯಾಪಾರದಲ್ಲಿ ಮೊದಲು ಸ್ಯಾಕ್ಸನಿ, ಆಮೇಲೆ ಆಸ್ಟ್ರೇಲಿಯಾ ಸ್ಪೇನನ್ನು ಹಿಂದೆ ಹಾಕಿದವು.

ಈ ಎರಡು ಕಥೆಗಳು ಒಬ್ಬ ಮನುಷ್ಯನಲ್ಲಿ ಕೂಡುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಆರ್ಥರ್ ವೆಲ್ಲೆಸ್ಲಿ, 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಮೈಸೂರು ಎತ್ತುಗಳ ಬೆಲೆ ತಿಳಿದುಕೊಂಡ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು ಇವನೇ. 1808ರಿಂದ 1814ರವರೆಗೆ ಸ್ಪೇನ್, ಪೋರ್ಚುಗಲ್‌ಗಳಲ್ಲಿ ನೆಪೋಲಿಯನ್ನನ ಸೈನ್ಯದೊಂದಿಗೆ ಕಾದಾಡುವಾಗ, ಅಮೃತ ಮಹಲ್ ಎತ್ತುಗಳು ಇಲ್ಲಿಲ್ಲವಲ್ಲ ಎಂದು ಅವನು ಆಗಾಗ ಪೇಚಾಡುತ್ತಿದ್ದನಂತೆ. ಅದೇ ಯುದ್ಧದಲ್ಲಿ ಸ್ಪೇನಿನ ಮೆರಿನೋ ಹಿಂಡುಗಳು ಚದುರಿ ಇಂಗ್ಲೆಂಡ್, ಅಮೆರಿಕಗಳಿಗೆ ಹೋದವು.

ಸ್ಪೇನಿನ ಕುರಿ ಲೋಕವನ್ನೆಲ್ಲ ಸುತ್ತಿತು. ನಮ್ಮ ಕಮಿಷನರ್ ಮಾರ್ಕ್ ಕಬ್ಬನ್ ಕೂಡ ಆಸ್ಟ್ರೇಲಿಯಾದಿಂದ ಮೆರಿನೋ ಟಗರು ತರಿಸಿ ನಾಗಮಂಗಲ ಸೀಮೆಯಲ್ಲಿ ಸಾಕಿಸಿ ನೋಡಿದ. ಅಮೃತ ಮಹಲ್‌ನ ಹಾದಿ ಬೇರೆಯಾಯಿತು. 1799ರ ನಂತರ ನೋಡುವವರಿಲ್ಲದೆ ಹಿಂಡು ಕೆಟ್ಟಿತು. 1813ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿಯ ಕೈಗೆ ಬಂದ ಮೇಲೆ ಸುಧಾರಿಸಿತು. 1860ರಲ್ಲಿ ಖರ್ಚು ಉಳಿಸಲೆಂದು ಇಲಾಖೆ ಮುಚ್ಚಿ ದನಗಳನ್ನು ಮಾರಿದರು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಂತಾಗಿ 1866ರಲ್ಲಿ ಅದೇ ಸರ್ಕಾರ ಮತ್ತೆ ಹಿಂಡು ಕಟ್ಟಬೇಕಾಯಿತು. ಮಾರಲು ಒಂದು ಆಜ್ಞೆ ಸಾಕಾಗಿತ್ತು. ತಳಿಯನ್ನು ಮತ್ತೆ ಕೂಡಿಸುವುದು ಅಷ್ಟು ಸುಲಭವಾಗಿರಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಮುಖ್ಯವಾಗಿ ಕಂಡದ್ದು ಹುಲ್ಲು. ಅಮೃತ ಮಹಲ್ ದನಗಳಿಗೆ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆ ಬೇರೆ ಹುಲ್ಲುಗಾವಲುಗಳಿದ್ದವು. ಕಾಲಕ್ಕೆ ತಕ್ಕಂತೆ ಹಿಂಡು ನಡೆಯುತ್ತಿತ್ತು. ಮೆಸ್ತಾದ ಕುರಿಗಳೂ ಹೀಗೆಯೇ ನಡೆದವು. ಒಳ್ಳೆಯ ಹೋರಿಯನ್ನು ಕೊಳ್ಳಬಹುದು, ಗೆದ್ದು ತರಬಹುದು, ಕದಿಯಲೂಬಹುದು. ಆದರೆ ಅದರ ಸಂತತಿ ಉಳಿಯಬೇಕಾದರೆ ಮೇಯುವ ನೆಲ ಮತ್ತು ಹೆಸರು ಹಿಡಿದು ದನ ಗುರುತಿಸುವ ಕಾವಲುಗಾರ ಇಬ್ಬರೂ ಬೇಕು. ರಾಜರು ಎತ್ತಿಗಾಗಿ ಆ ನೆಲ ಕಾಯ್ದರು. ಎತ್ತಿನ ಕೆಲಸ ಮುಗಿದ ಮೇಲೆ ನೆಲ ಕಾಯುವ ಕಾರಣವೂ ಹೋಯಿತು. 2010ರ ಆಸುಪಾಸಿನಲ್ಲಿ ಚಳ್ಳಕೆರೆ ಬಳಿಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಕೊಡಲಾಯಿತು. ಅಲ್ಲಿನ ಹಳ್ಳಿಗಳವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ಒಂದು ಕಾಲದಲ್ಲಿ ಫಿರಂಗಿಯ ಎತ್ತು ಮೇಯ್ದ ನೆಲದ ಪಕ್ಕದಲ್ಲಿ ಈಗ ಮಾನವರಹಿತ ವಿಮಾನಗಳ ಪರೀಕ್ಷೆ ನಡೆಯುತ್ತದೆ.

ನಮ್ಮ ಕಡೆಗೆ ಬರೋಣ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಇಂದಿಗೂ ಹಳ್ಳಿಕಾರ್ ಜೋಡಿಗಳನ್ನು ನೋಡಬಹುದು. ಆದರೆ ಊರಿನ ಕೊಟ್ಟಿಗೆಯಲ್ಲಿ ಈಗ ಕಟ್ಟಿರುವುದು ಹೆಚ್ಚಾಗಿ ಸೀಮೆಹಸು. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಇದನ್ನು ಹಳಿಯಲು ನಾನು ಸಿದ್ಧನಿಲ್ಲ. ಡೈರಿಯ ಬಟವಾಡೆಯ ದುಡ್ಡಿನಲ್ಲಿ ಫೀಸು ಕಟ್ಟಿ ಓದಿದವರು ಈ ಸಂಚಿಕೆ ಓದುವವರಲ್ಲಿ ಅನೇಕರಿದ್ದೀರಿ. ಸೀಮೆಹಸುವಿಗೂ ಮೇವು ಬೇಕು, ಕುರಿ ಮೇಕೆಗೆ ಬಯಲು ಬೇಕು. ಅದನ್ನು ಕೊಡುತ್ತಿದ್ದ ಗೋಮಾಳ ಮಾತ್ರ ವರ್ಷದಿಂದ ವರ್ಷಕ್ಕೆ ಕರಗುತ್ತಿರುವುದು ನಾವೆಲ್ಲ ಕಂಡದ್ದೇ.

ಆದ್ದರಿಂದ ಈ ಸುವರ್ಣ ವರ್ಷದಲ್ಲಿ ಶಾಲೆಯ ಮಕ್ಕಳಿಗೂ ಮೇಷ್ಟ್ರುಗಳಿಗೂ ಒಂದು ವಿನಂತಿ. ತಮ್ಮ ತಮ್ಮ ಊರಿನ ಗೋಮಾಳದ ಸರ್ವೆ ನಂಬರ್, ಪಹಣಿಯಲ್ಲಿ ಇರುವ ಎಕರೆ, ಈಗ ನೆಲದ ಮೇಲೆ ಉಳಿದಿರುವ ಜಾಗ, ಇವನ್ನು ಮಕ್ಕಳು ಬರೆದಿಡಲಿ. ಅಲ್ಲಿ ಯಾವ ಯಾವ ದನಗಳು ಮೇಯುತ್ತಿದ್ದವು, ಯಾರು ಕಾಯುತ್ತಿದ್ದರು ಎಂದು ತಾತ ಅಜ್ಜಿಯರನ್ನು ಕೇಳಲಿ. ಮೈಸೂರಿನ ಹಿಂಡಿನ ಚರಿತ್ರೆ ನಮಗೆ ಸಿಕ್ಕಿದ್ದು ಅಧಿಕಾರಿಗಳು ಬರೆದಿಟ್ಟದ್ದರಿಂದ. ಸಾದಲಿ ಹೋಬಳಿಯ ಗೋಮಾಳಗಳ ಚರಿತ್ರೆಯನ್ನು ನಾವೇ ಬರೆದಿಟ್ಟುಕೊಳ್ಳಬೇಕು.